ಆರ್ಕ್ಟಿಕ್ ಪಿ12 ಫ್ಯಾನು: ಹಾಸನದ ಮನೆಗೆ ಎರಡು ಸಾಕು, ಐದರ ಪ್ಯಾಕ್ ಬೇಡ

ರಾತ್ರಿ ಹತ್ತರ ಮೇಲೆ ಹಾಸನದ ವಿದ್ಯಾನಗರದಲ್ಲೋ ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲೋ ಮನೆಯೊಳಗೆ ಕೇಳುವ ದೊಡ್ಡ ಸದ್ದು ಅಂದರೆ ಕಂಪ್ಯೂಟರಿನದೇ. ಬೆಂಗಳೂರಿನಲ್ಲಾದರೆ ಬೀದಿಯ ಗದ್ದಲ, ತಲೆಯ ಮೇಲಿನ ಸೀಲಿಂಗ್ ಫ್ಯಾನು ಎಲ್ಲ ಸೇರಿ ಆ ಗುಂಯ್‌ಕಾರವನ್ನು ನುಂಗಿಬಿಡುತ್ತವೆ. ವರ್ಷದ ಬಹುಪಾಲು ಸೀಲಿಂಗ್ ಫ್ಯಾನಿನ ಸ್ವಿಚ್ಚೇ ಮುಟ್ಟದ ನಮ್ಮೂರುಗಳಲ್ಲಿ ಅದನ್ನು ಮುಚ್ಚಿಡುವುದಕ್ಕೆ ಬೇರೆ ಸದ್ದಿಲ್ಲ. ಪರಿಹಾರ ಕೇಳಿದವರಿಗೆಲ್ಲ ಈಗ ಸಿಗುವ ಉತ್ತರ ಒಂದೇ: ಆರ್ಕ್ಟಿಕ್ ಪಿ12 ಪಿಡಬ್ಲ್ಯೂಎಂ ಪಿಎಸ್‌ಟಿ ಎಂಬ ಕ್ಯಾಬಿನೆಟ್ ಫ್ಯಾನು, ಐದರ ಪ್ಯಾಕ್, ಅಗ್ಗ, ತರಿಸಿಕೊಳ್ಳಿ. ಫ್ಯಾನು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಮೊದಲು ಕೊಳ್ಳುವ ಸಾಮಾನಲ್ಲ, ಐದು ಕೊಳ್ಳುವ ಸಾಮಾನಂತೂ ಅಲ್ಲವೇ ಅಲ್ಲ.

ಮೊದಲು ಫ್ಯಾನಿನ ವಿಚಾರ. 120 ಮಿ.ಮೀ. ಚೌಕ, 25 ಮಿ.ಮೀ. ದಪ್ಪ, ಐದು ಅಗಲವಾದ ರೆಕ್ಕೆ, ಎಣ್ಣೆಯ ಪದರದ ಮೇಲೆ ತಿರುಗುವ ಫ್ಲೂಯಿಡ್ ಡೈನಾಮಿಕ್ ಬೇರಿಂಗ್. ವೇಗ ನಿಮಿಷಕ್ಕೆ 200ರಿಂದ 1,800 ಸುತ್ತು. ಪೂರ್ತಿ ವೇಗದಲ್ಲಿ 56.3 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ) ಗಾಳಿ, ಒತ್ತಡ 2.2 ಮಿ.ಮೀ. ನೀರಿನಷ್ಟು ಎಂದು ಕಂಪನಿಯ ಲೆಕ್ಕ. ಕೊಳ್ಳುವವರು ನೋಡುವುದು ಗಾಳಿಯ ಅಂಕಿ. ನೋಡಬೇಕಾದದ್ದು ಒತ್ತಡದ ಅಂಕಿ. ಮುಂದೆ ಜಾಲರಿ, ಅದರ ಹಿಂದೆ ಧೂಳಿನ ಫಿಲ್ಟರು ಅಡ್ಡ ಇದ್ದಾಗಲೂ ಗಾಳಿಯನ್ನು ಒಳಗೆಳೆಯುವ ತಾಕತ್ತು ಅದು. ಫಿಲ್ಟರಿಲ್ಲದೆ ನಮ್ಮ ಕಡೆ ಕಂಪ್ಯೂಟರ್ ಬಾಳುವುದಿಲ್ಲ, ಹಾಗಾಗಿ ಪಿ12 ಇಲ್ಲಿಗೆ ಸರಿಯಾದ ಜಾತಿಯ ಫ್ಯಾನು. ಪಿಡಬ್ಲ್ಯೂಎಂ ಅಂದರೆ ನಾಲ್ಕನೇ ಪಿನ್ನಿನ ಮೂಲಕ ಮದರ್‌ಬೋರ್ಡು ಫ್ಯಾನಿಗೆ ವೇಗ ಹೇಳುವ ಪದ್ಧತಿ. ಪಿಎಸ್‌ಟಿ ಅಂದರೆ ವೈರಿನ ತುದಿಯಲ್ಲಿ ಪ್ಲಗ್ಗಿನ ಜೊತೆಗೆ ಒಂದು ಸಾಕೆಟ್ಟೂ ಇರುತ್ತದೆ. ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುತ್ತ ಹೋಗಬಹುದು. ಮದರ್‌ಬೋರ್ಡಿನಲ್ಲಿ ಸಿಸ್ಟಮ್ ಫ್ಯಾನಿಗೆ ಒಂದೇ ಹೆಡರ್ (ಫ್ಯಾನಿನ ವೈರು ಸಿಕ್ಕಿಸುವ ಜಾಗ) ಇರುವ ಅಗ್ಗದ ಬೋರ್ಡುಗಳಿಗೆ ಇದು ವರ. ಸಾಮಾನ್ಯವಾಗಿ ಒಂದು ಹೆಡರ್ 1 ಆಂಪಿಯರ್ ತಡೆಯುತ್ತದೆ, ಈ ಫ್ಯಾನು ಎಳೆಯುವುದು ಅದರ ಹತ್ತನೇ ಒಂದು ಪಾಲಿನಷ್ಟು. ಸರಪಳಿಯಲ್ಲಿ ಎಷ್ಟೇ ಫ್ಯಾನಿದ್ದರೂ ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗಿನ ಪರದೆ) ಒಂದರ ವೇಗ ಮಾತ್ರ ಕಾಣುತ್ತದೆ. ಉಳಿದವು ತಿರುಗುತ್ತಿವೆಯೋ ಇಲ್ಲವೋ ಕಣ್ಣಲ್ಲೇ ನೋಡಿಕೊಳ್ಳಬೇಕು.

ಇನ್ನು ಎರಡೇ ಏಕೆ ಅನ್ನುವುದಕ್ಕೆ ಲೆಕ್ಕ. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಒಂದೇ ಥರದ ಎರಡು ಫ್ಯಾನು ಒಟ್ಟಿಗೆ ತಿರುಗಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಅಂದರೆ 1,800ರಲ್ಲಿ ಅರಚುವ ಒಂದು ಫ್ಯಾನಿನ ಬದಲು 900ರಲ್ಲಿ ಎರಡು ಓಡಿಸಿದರೆ ಹೆಚ್ಚು ಕಡಿಮೆ ಅಷ್ಟೇ ಗಾಳಿ, ಸದ್ದು ಮಾತ್ರ 12 ಡೆಸಿಬೆಲ್ ಕಡಿಮೆ. ಎರಡನೇ ಫ್ಯಾನಿಗೆ ಕೊಟ್ಟ ದುಡ್ಡು ಇಲ್ಲಿ ವಸೂಲು. ಅದೇ ವೇಗದಲ್ಲಿ ಎರಡರಿಂದ ಐದಕ್ಕೆ ಹೋದರೆ ಸದ್ದು ಮತ್ತೆ 4 ಡೆಸಿಬೆಲ್ ಏರುತ್ತದೆ, ಸಾಧಾರಣ ಮನೆಯ ಕಂಪ್ಯೂಟರಿನಲ್ಲಿ ಅದರಿಂದ ಇಳಿಯುವ ಶಾಖ ಲೆಕ್ಕಕ್ಕೆ ಬರುವಷ್ಟಿರುವುದಿಲ್ಲ. ಮುಂದೆ ಒಂದು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮುಂದೆ ಇನ್ನೊಂದು. ಮುಗಿಯಿತು.

ಹವೆಯೂ ನಮ್ಮ ಪರ. ಎರಡೂ ಊರು ಸಮುದ್ರಮಟ್ಟದಿಂದ ಸಾವಿರ ಮೀಟರಿನ ಆಸುಪಾಸು. ಇಷ್ಟು ಎತ್ತರದಲ್ಲಿ ಗಾಳಿ ಶೇಕಡ ಹತ್ತರಷ್ಟು ತೆಳು, ಆ ಮಟ್ಟಿಗೆ ಫ್ಯಾನು ಹೊತ್ತೊಯ್ಯುವ ಶಾಖವೂ ಕಮ್ಮಿ. ಆದರೆ ಕೋಣೆಯ ಶಾಖ ಮಂಗಳೂರಿಗಿಂತ ಏಳೆಂಟು ಡಿಗ್ರಿ ಕಡಿಮೆ ಇದ್ದರೆ ಪ್ರಾಸೆಸರೂ ಅಷ್ಟೇ ತಣ್ಣಗಿರುತ್ತದೆ; ತೆಳು ಗಾಳಿಯ ನಷ್ಟ ಅದರ ಮುಂದೆ ಏನೂ ಅಲ್ಲ. ಬಯಾಸ್‌ನಲ್ಲಿ ಕಂಪನಿಯವರು ಕೂಡಿಸಿ ಕಳಿಸುವ ವೇಗದ ಲೆಕ್ಕ ಸೆಖೆಯ ಊರನ್ನೂ ತಡೆಯುವಂತೆ ಮಾಡಿದ್ದು. ಸಕಲೇಶಪುರದ ಜುಲೈ ತಿಂಗಳಿಗೆ ಅದು ಬೇಕಾಗಿಲ್ಲ.

ಪಿ12ರ ಒಂದು ಐಬು ಕೊಳ್ಳುವ ಮೊದಲೇ ಗೊತ್ತಿರಲಿ. ಸಾವಿರ ಸುತ್ತಿನ ಆಸುಪಾಸಿನಲ್ಲಿ ಅದು ಒಂದು ಥರ ಗುನುಗುತ್ತದೆ. ಗಾಳಿಯ ಸುಯ್ ಅಲ್ಲ, ತಂಬೂರಿಯ ತಂತಿ ಮಿಡಿದು ಬಿಟ್ಟಂಥ ಒಂದೇ ಶ್ರುತಿ. ಡೆಸಿಬೆಲ್ ಲೆಕ್ಕದಲ್ಲಿ ಅದು ಚಿಕ್ಕದು, ಕಿವಿಗೆ ಮಾತ್ರ ಬಿಡದೆ ಅಂಟಿಕೊಳ್ಳುತ್ತದೆ. ಚೌಕಟ್ಟಿನ ಮೂಲೆಗಳಲ್ಲಿ ರಬ್ಬರ್ ಇಲ್ಲದ ಕಾರಣ ತೆಳು ತಗಡಿನ ಕ್ಯಾಬಿನೆಟ್ಟಿಗೆ ಬಿಗಿದರೆ ತಗಡೂ ಜೊತೆಗೆ ದನಿ ಸೇರಿಸುತ್ತದೆ. ಉಪಾಯ ಎರಡು. ಸ್ಕ್ರೂ ಬದಲು ಸಿಲಿಕಾನ್ ಪಿನ್ ಹಾಕುವುದು ಒಂದು. ಪಿನ್ ಸಿಗದಿದ್ದರೆ ಸ್ಕ್ರೂವನ್ನು ಪೂರ್ತಿ ಬಿಗಿಯದೆ, ಫ್ಯಾನಿಗೂ ತಗಡಿಗೂ ನಡುವೆ ಹಳೇ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಕೂರಿಸಿದರೂ ನಡೆಯುತ್ತದೆ. ಎರಡನೆಯದು, ಗುನುಗುವ ಆ ವೇಗದಲ್ಲಿ ಫ್ಯಾನು ತಂಗದ ಹಾಗೆ ನೋಡಿಕೊಳ್ಳುವುದು. 800ರವರೆಗೆ ಓಡಲಿ, ಬೇಕಾದಾಗ ನೇರವಾಗಿ 1,250ಕ್ಕೆ ಜಿಗಿಯಲಿ, ನಡುವೆ ತಂಗುವುದು ಬೇಡ. ಇದನ್ನು ಹೇಗೆ ಕೂಡಿಸುವುದು ಎಂದು ಮುಂದೆ ಬರುತ್ತದೆ.

ನಾಕ್ಟುವಾ ಕಂಪನಿಯ ದುಬಾರಿ ಫ್ಯಾನು ಎನ್‌ಎಫ್-ಎ12x25 ಇದಕ್ಕಿಂತ ಎಲ್ಲ ರೀತಿಯಲ್ಲೂ ಮೇಲು. ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವಿನ ಸಂದು ಬರೀ ಅರ್ಧ ಮಿ.ಮೀ., 2,000 ಸುತ್ತಿನಲ್ಲೂ 22.6 ಡೆಸಿಬೆಲ್, ಮೂಲೆಗೆ ರಬ್ಬರು, ಡಬ್ಬಿಯಲ್ಲೇ ರಬ್ಬರ್ ಪಿನ್ನು, ವೇಗ ತಗ್ಗಿಸುವ ವೈರು, ಆರು ವರ್ಷದ ವಾರಂಟಿ. ಆದರೆ ಅದರ ಒಂದರ ದುಡ್ಡಿಗೆ ಪಿ12 ಮೂರೋ ನಾಲ್ಕೋ ಬರುತ್ತವೆ. 800 ಸುತ್ತಿನಲ್ಲಿ ಎರಡು ಅಡಿ ದೂರ ಕೂತವರಿಗೆ ಇವೆರಡರ ವ್ಯತ್ಯಾಸ ಹಿಡಿಯುವುದು ಕಷ್ಟ. ಆ ಹೆಚ್ಚಿನ ದುಡ್ಡನ್ನು ಪ್ರಾಸೆಸರಿನ ಮೇಲೆ ಕೂತು ಅದನ್ನು ತಣ್ಣಗಿಡುವ ಕೂಲರಿಗೆ ಹಾಕಿದರೆ ಲಾಭ ಹೆಚ್ಚು. ನಾಕ್ಟುವಾದ ಕಂದು ಬಣ್ಣದ ಮೋಹ ಇದ್ದವರ ವಿಷಯ ಬೇರೆ.

ಆರ್ಡರ್ ಮಾಡುವಾಗ ಹೆಸರು ಪೂರ್ತಿ ಓದಿ. ಬರೀ ಪಿ12 ಅಂದರೆ ಮೂರು ಪಿನ್ನಿನದು. ಸಿಒ ಅಂತ ಬಾಲ ಇದ್ದರೆ ಬಾಲ್ ಬೇರಿಂಗ್, ದಿನವಿಡೀ ಓಡುವ ಮಷೀನಿಗೆ ಮಾಡಿದ್ದು, ಮಲಗುವ ಕೋಣೆಗೆ ಬೇಡ. ಮ್ಯಾಕ್ಸ್ ಅನ್ನುವುದು 3,300 ಸುತ್ತಿನದು. ಸ್ಲಿಮ್ 15 ಮಿ.ಮೀ. ದಪ್ಪದ್ದು. ಹಳೇ ಕ್ಯಾಬಿನೆಟ್ಟಾದರೆ ಸ್ಕೇಲ್ ಹಿಡಿದು ಸ್ಕ್ರೂ ತೂತಿನ ನಡುವಿನಿಂದ ನಡುವಿಗೆ ಅಳೆಯಿರಿ: 105 ಮಿ.ಮೀ. ಬಂದರೆ 120ರ ಫ್ಯಾನು, 82.5 ಬಂದರೆ 92ರದ್ದು, 71.5 ಬಂದರೆ 80ರದ್ದು. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಿಂದ ಬಂದ ಪಾರ್ಸೆಲ್ ವಾಪಸು ಕಳಿಸುವುದಕ್ಕಿಂತ ಈ ಒಂದು ನಿಮಿಷದ ಕೆಲಸ ಸುಲಭ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಮನೆಯ ಸದ್ದು ಕ್ಯಾಬಿನೆಟ್ ಫ್ಯಾನಿನದೇ ಅನ್ನುವುದಕ್ಕೆ ಏನು ಖಾತ್ರಿ? ಪಿ12 ತರಿಸಿ ನಿರಾಶರಾದವರಲ್ಲಿ ಹೆಚ್ಚಿನವರು ಬೇರೆ ರೋಗಕ್ಕೆ ಈ ಮದ್ದು ಮಾಡಿದವರು. ಪಕ್ಕದ ತಗಡು ಬಿಚ್ಚಿ, ಕಂಪ್ಯೂಟರ್ ಓಡುತ್ತಿರುವಾಗ, ಒಂದೊಂದೇ ಫ್ಯಾನಿನ ನಡುವಿನ ಗುಂಡಿಯ ಮೇಲೆ ಬೆರಳು ಮೆಲ್ಲಗೆ ಒತ್ತಿ ಎರಡು ಸೆಕೆಂಡು ನಿಲ್ಲಿಸಿ ಕೇಳಿ. ರೆಕ್ಕೆಗೆ ಬೆರಳು ಕೊಡಬೇಡಿ. ಯಾವುದು ನಿಂತಾಗ ಸದ್ದು ನಿಂತಿತೋ ಅದೇ ಕಳ್ಳ. ಯಾವುದು ನಿಲ್ಲಿಸಿದರೂ ಒಂದು ಗುಂಯ್ ಉಳಿದರೆ ಅದು ಹಾರ್ಡ್‌ಡಿಸ್ಕ್: 7,200 ಸುತ್ತಿನ ಡಿಸ್ಕು ಸೆಕೆಂಡಿಗೆ 120 ಸಲ ನಡುಗುತ್ತದೆ, ಆ ನಡುಕ ಕ್ಯಾಬಿನೆಟ್ಟಿಗೆ, ಅಲ್ಲಿಂದ ಮರದ ಮೇಜಿಗೆ ಇಳಿಯುತ್ತದೆ. ಅದಕ್ಕೆ ಎಸ್‌ಎಸ್‌ಡಿ ಹಾಕುವುದೇ ಸರಿ. ಗೇಮ್ ಆಡುವಾಗ ಮಾತ್ರ ಸೊಳ್ಳೆಯಂತೆ ಕೀರಲು ಬಂದರೆ ಅದು ಗ್ರಾಫಿಕ್ಸ್ ಕಾರ್ಡಿನ ಕಾಯಿಲ್ (ತಂತಿಯ ಸುರುಳಿ), ಫ್ಯಾನೇ ಅಲ್ಲ. ಫ್ರೇಮ್‌ರೇಟನ್ನು (ಸೆಕೆಂಡಿಗೆ ಮೂಡುವ ಚಿತ್ರಗಳ ಲೆಕ್ಕ) 60ಕ್ಕೆ ಕಟ್ಟಿದರೆ ಸಾಕಷ್ಟು ತಗ್ಗುತ್ತದೆ. ಪವರ್ ಸಪ್ಲೈ ಒಳಗಿನ ಫ್ಯಾನಾದರೆ ಬಿಚ್ಚುವ ಸಾಹಸ ಬೇಡ, ಪ್ಲಗ್ ತೆಗೆದ ಮೇಲೂ ಅದರ ಕೆಪಾಸಿಟರಿನಲ್ಲಿ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ. ಪೂರ್ತಿ ಬದಲಿಸಿ. ಮೇಜಿನ ಕೆಳಗಿನ ಯುಪಿಎಸ್ಸಿಗೂ ಒಮ್ಮೆ ಕಿವಿಗೊಡಿ, ಎಷ್ಟೋ ಸಲ ತಪ್ಪು ಅದರದ್ದೇ ಇರುತ್ತದೆ.

ಗರಗರ ಅನ್ನುವುದು ಬೇರಿಂಗ್ ಸವೆದ ಸದ್ದು. ಚಳಿಯ ಬೆಳಿಗ್ಗೆ ಜೋರಾಗಿದ್ದು, ಹತ್ತು ನಿಮಿಷಕ್ಕೆ ತಗ್ಗಿದರೆ ಒಳಗಿನ ಎಣ್ಣೆ ಒಣಗಿದೆ ಎಂದರ್ಥ. ಅಗ್ಗದ ಫ್ಯಾನಿನ ಸ್ಟಿಕ್ಕರ್ ಎಬ್ಬಿಸಿ, ಕೆಳಗಿನ ರಬ್ಬರ್ ಮುಚ್ಚಳ ತೆಗೆದು ಹೊಲಿಗೆ ಮಷೀನಿನ ಎಣ್ಣೆ ಒಂದೇ ತೊಟ್ಟು ಬಿಟ್ಟರೆ ಕೆಲವು ತಿಂಗಳು ಬದುಕುತ್ತದೆ. ಮನೆಯಲ್ಲಿ ಕೈಗೆ ಸಿಗುವ ಕೊಬ್ಬರಿ ಎಣ್ಣೆ ಮಾತ್ರ ಬೇಡ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರಿನಲ್ಲಿ ಬಚ್ಚಲುಮನೆಯ ಬಾಟಲಿಯಲ್ಲಿ ಹೇಗೆ ಬೆಳ್ಳಗೆ ಹೆಪ್ಪುಗಟ್ಟಿ ಕೂತಿರುತ್ತದೋ ಫ್ಯಾನಿನ ಒಳಗೂ ಹಾಗೇ ಕೂರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಇನ್ನೂ ಕೆಟ್ಟದ್ದು, ಇದ್ದ ಎಣ್ಣೆಯನ್ನೂ ಕರಗಿಸಿಕೊಂಡು ಹೋಗುತ್ತದೆ.

ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ಧೂಳು ತೆಗೆಯುವ ಕೆಲಸ. ಅರಸೀಕೆರೆ ಕಡೆಯದು ಒಣ ಕೆಂಧೂಳು, ಊದಿದರೆ ಹೋಗುತ್ತದೆ. ಮೂಡಿಗೆರೆ, ಸಕಲೇಶಪುರದ ತೋಟದ ಮನೆಗಳಲ್ಲಿ ಜನವರಿ ಫೆಬ್ರವರಿಯಲ್ಲಿ ಕಣದಿಂದ ಬರುವ ಕಾಫಿ ಹೊಟ್ಟಿನ ಪುಡಿ, ಅದರ ಮೇಲೆ ಮಳೆಗಾಲದ ತೇವ, ಒಗ್ಗರಣೆಯ ಜಿಡ್ಡು, ಊದುಬತ್ತಿಯ ಹೊಗೆ ಎಲ್ಲ ಸೇರಿ ಊದಿದರೂ ಹೋಗದ ಪದರವಾಗುತ್ತದೆ. ಕೂಲರಿನ ಫ್ಯಾನನ್ನು ಮೇಲಿನಿಂದ ನೋಡಿದರೆ ಸ್ವಚ್ಛವಾಗೇ ಕಾಣುತ್ತದೆ. ಫ್ಯಾನಿನ ನಾಲ್ಕು ಸ್ಕ್ರೂ ಬಿಚ್ಚಿ ಎತ್ತಿದಾಗ ಗೊತ್ತಾಗುವುದು, ಅಲ್ಯೂಮಿನಿಯಂ ಪಟ್ಟಿಗಳ ಮೇಲೆ ಬೂದು ಕಂಬಳಿಯ ತುಂಡೊಂದು ಹಾಸಿದ ಹಾಗೆ ಕೂತಿರುತ್ತದೆ. ಅದನ್ನು ಚಿಮಟದಲ್ಲಿ ಹಿಡಿದರೆ ಇಡಿಯಾಗಿ ಎದ್ದು ಬರುತ್ತದೆ. ಆ ಕಂಬಳಿ ಇರುವ ತನಕ ಎಂಥ ಫ್ಯಾನು ಹಾಕಿದರೂ ಅದು ಪೂರ್ತಿ ವೇಗದಲ್ಲೇ ಓಡುತ್ತದೆ.

ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆದಿರಬೇಕು, ಬಿಟ್ಟರೆ ಅದು ತನ್ನ ಮಿತಿ ಮೀರಿ ತಿರುಗಿ ಬೇರಿಂಗ್ ಕೆಡುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಅದರ ಗಾಳಿಯಲ್ಲಿ ನೀರೂ ಎಣ್ಣೆಯೂ ಬರುತ್ತವೆ. ಜಿಡ್ಡಿನ ರೆಕ್ಕೆಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹಳೇ ಹಲ್ಲುಜ್ಜುವ ಬ್ರಷ್ಷು.

ಮಾರ್ಕೆಟ್ಟಿನ ಅಂಗಡಿಗಳಲ್ಲಿ ಸರ್ವಿಸ್ ಅಂದರೆ ಬಹುಪಾಲು ಹೊರಗಿನಿಂದ ಬ್ಲೋವರ್ ಹಿಡಿಯುವುದಷ್ಟೇ. ಕೂಲರ್ ಬಿಚ್ಚಿ, ಅದಕ್ಕೂ ಪ್ರಾಸೆಸರಿಗೂ ನಡುವೆ ಶಾಖ ದಾಟಿಸಲು ಹಚ್ಚುವ ಪೇಸ್ಟ್ ಬದಲಿಸಿ ಎಂದು ಬಾಯಿಬಿಟ್ಟು ಹೇಳಬೇಕು, ಎದುರಿಗೇ ನಿಂತು ಮಾಡಿಸಬೇಕು. "ಫ್ಯಾನು ಅಂದ್ಮೇಲೆ ಸೌಂಡ್ ಬರ್ದೇ ಇರುತ್ತಾ ಸಾರ್?" ಎಂದು ಕೇಳುವವರ ಕೈಗೆ ಈ ಕೆಲಸ ಕೊಡದಿರುವುದೇ ಮೇಲು. ಇನ್ನೊಂದು ಕೆಟ್ಟ ರೂಢಿ, ಹೊಸ ಫ್ಯಾನನ್ನು ಮದರ್‌ಬೋರ್ಡಿಗೆ ಕೊಡದೆ ಪವರ್ ಸಪ್ಲೈನ ಮೋಲೆಕ್ಸ್ ವೈರಿಗೆ ನೇರ ಸಿಕ್ಕಿಸುವುದು. ಸಿಕ್ಕಿಸಿದವರಿಗೆ ಸುಲಭ, ಫ್ಯಾನು ಮಾತ್ರ ಜೀವಮಾನವಿಡೀ 1,800ರಲ್ಲಿ ಓಡುತ್ತದೆ.

ಕೂಲರ್ ಬಿಚ್ಚುವಾಗ ಎರಡು ಅನಾಹುತ ಸಾಮಾನ್ಯ. ಎಎಂಡಿ ಪ್ರಾಸೆಸರಿನ ಎಎಂ4 ಬೋರ್ಡಿನಲ್ಲಿ ಒಣಗಿದ ಪೇಸ್ಟು ಅಂಟಿನಂತೆ ಹಿಡಿದು, ಕೂಲರ್ ಎತ್ತಿದರೆ ಪ್ರಾಸೆಸರೇ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್ನು ಬಾಗುತ್ತದೆ. ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆಫ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಚಿ ಸಡಿಲಿಸಿಕೊಂಡು ಎತ್ತಬೇಕು. ಇಂಟೆಲ್ ಜೊತೆ ಬರುವ ಕೂಲರಿನ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಸರಿಯಾಗಿ ಕೂರದಿದ್ದರೆ ಪ್ರಾಸೆಸರ್ 90 ಡಿಗ್ರಿ ದಾಟುತ್ತದೆ, ಫ್ಯಾನು ಕಿರುಚುತ್ತದೆ, ಬೈಗುಳ ಫ್ಯಾನಿಗೆ ಬೀಳುತ್ತದೆ. ಎದುರುಬದುರು ಮೂಲೆಗಳನ್ನು ಜೋಡಿಯಾಗಿ ಟಕ್ ಎನ್ನುವವರೆಗೆ ಒತ್ತಿ, ಬೋರ್ಡಿನ ಹಿಂದೆ ನಾಲ್ಕೂ ಕಡೆ ಬಿಳಿ ಸೀಳಿನ ನಡುವಿನಿಂದ ಕಪ್ಪು ಪಿನ್ ಹೊರಬಂದಿದೆಯೇ ನೋಡಬೇಕು. ಪೇಸ್ಟು ತೊಗರಿಕಾಳಿನಷ್ಟು ಸಾಕು, ನಡುವೆ ಇಟ್ಟರೆ ಒತ್ತಡಕ್ಕೆ ತಾನೇ ಹರಡುತ್ತದೆ.

ಆಮೇಲೆ ಬಯಾಸ್. ಫ್ಯಾನಿನ ವೇಗ ಕೂಡಿಸುವ ಜಾಗ ಆಸುಸ್ ಬೋರ್ಡಿನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್, ಎಂಎಸ್ಐನಲ್ಲಿ ಹಾರ್ಡ್‌ವೇರ್ ಮಾನಿಟರ್ ಎಂಬ ಹೆಸರಲ್ಲಿ ಇರುತ್ತದೆ. ನಾಲ್ಕು ಪಿನ್ನಿನ ಫ್ಯಾನಿಗೆ ಮೋಡನ್ನು ಆಟೊದಿಂದ ಪಿಡಬ್ಲ್ಯೂಎಂಗೆ, ಮೂರು ಪಿನ್ನಿನದಕ್ಕೆ ವೋಲ್ಟೇಜ್ ಏರಿಳಿಸಿ ವೇಗ ಬದಲಿಸುವ ಡಿಸಿಗೆ ಬದಲಿಸಿ. ಮೂರು ಪಿನ್ನಿನ ಫ್ಯಾನು ಪಿಡಬ್ಲ್ಯೂಎಂ ಮೋಡಿನಲ್ಲಿ ಬಿದ್ದಿದ್ದರೆ ಅದಕ್ಕೆ ಸದಾ 12 ವೋಲ್ಟ್, ಸದಾ ಪೂರ್ತಿ ವೇಗ. ಹಲವು ಮನೆಗಳ ಗದ್ದಲ ಇಲ್ಲೇ ಮುಗಿಯುತ್ತದೆ, ಒಂದು ಪೈಸೆ ಖರ್ಚಿಲ್ಲದೆ.

ಪ್ರಾಸೆಸರ್ ಫ್ಯಾನಿಗೆ ನಮ್ಮ ಹವೆಯಲ್ಲಿ ಶುರು ಮಾಡಬಹುದಾದ ಲೆಕ್ಕ: 50 ಡಿಗ್ರಿವರೆಗೆ ಶೇ. 30 ವೇಗ, 65ಕ್ಕೆ 40, 75ಕ್ಕೆ 65, 85ಕ್ಕೆ 100. ಬ್ರೌಸರಿನಲ್ಲಿ ಒಂದು ಪುಟ ತೆರೆದರೆ ಪ್ರಾಸೆಸರ್ ಒಂದೇ ಸೆಕೆಂಡಿನಲ್ಲಿ 45ರಿಂದ 65ಕ್ಕೆ ಹಾರಿ ಮತ್ತೆ ಇಳಿಯುತ್ತದೆ, ಫ್ಯಾನು ಅದರ ಬೆನ್ನು ಹತ್ತಿ ವೂಂ ಅಂದು ಸುಮ್ಮನಾಗುತ್ತದೆ. ಒಂದೇ ಸಮನೆ ಇರುವ ಸದ್ದನ್ನು ಕಿವಿ ಮರೆಯುತ್ತದೆ, ಏರಿಳಿಯುವುದನ್ನು ಮರೆಯುವುದಿಲ್ಲ. ಸ್ಟೆಪ್ ಅಪ್ ಟೈಮ್ (ಫ್ಯಾನು ವೇಗ ಏರಿಸಲು ತೆಗೆದುಕೊಳ್ಳುವ ಸಮಯ) ಎಂಬುದನ್ನು ಇರುವುದರಲ್ಲಿ ಗರಿಷ್ಠಕ್ಕೆ ಒಯ್ದರೆ ಈ ಕುಣಿತ ನಿಲ್ಲುತ್ತದೆ. ಪಿ12 ಇರುವ ಹೆಡರಿಗೆ ಪ್ರಾಸೆಸರಿನ ಶಾಖವನ್ನು ಕೊಡಲೇಬೇಡಿ, ಮದರ್‌ಬೋರ್ಡಿನ ಶಾಖ ಕೊಡಿ, ಅದು ನಿಧಾನಕ್ಕೆ ಏರುತ್ತದೆ. 800 ಸುತ್ತು ಬರುವ ಶೇಕಡಾವಾರು ಹುಡುಕಿ 50 ಡಿಗ್ರಿವರೆಗೆ ಗೆರೆಯನ್ನು ಚಪ್ಪಟೆ ಎಳೆಯಿರಿ, 52ಕ್ಕೆ ನೇರವಾಗಿ 1,250ಕ್ಕೆ ಏರಿಸಿ. ಮೇಲೆ ಹೇಳಿದ ಗುನುಗು ಆಗ ಕೇಳುವುದು ಜಿಗಿಯುವ ಕ್ಷಣದಲ್ಲಿ ಮಾತ್ರ.

ಟ್ಯಾಲಿ, ನುಡಿ, ಬ್ರೌಸರ್ ಇಷ್ಟೇ ಕೆಲಸವಾದರೆ ವಿಂಡೋಸಿನ ಪವರ್ ಆಪ್ಶನ್ಸ್ ಒಳಗೆ ಮ್ಯಾಕ್ಸಿಮಮ್ ಪ್ರಾಸೆಸರ್ ಸ್ಟೇಟ್ ಅನ್ನುವುದನ್ನು 100ರಿಂದ 99ಕ್ಕೆ ಇಳಿಸಿ ನೋಡಿ. ಟರ್ಬೊ, ಅಂದರೆ ಪ್ರಾಸೆಸರ್ ತಾನೇ ವೇಗ ಹೆಚ್ಚಿಸಿಕೊಳ್ಳುವುದು, ನಿಲ್ಲುತ್ತದೆ, ಶಾಖ ಎದ್ದು ಕಾಣುವಷ್ಟು ಇಳಿಯುತ್ತದೆ, ಕೆಲಸದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ವಿಡಿಯೋ ಎಡಿಟ್ ಮಾಡುವವರಿಗೆ ಇದು ಬೇಡ.

ಇಷ್ಟು ಮಾಡಿದ ಮೇಲೂ ಕೂಲರ್ ಕೂಗಿದರೆ, ಮೊದಲ ದುಡ್ಡು ಕೂಲರಿಗೆ. ಪ್ರಾಸೆಸರಿನ ಡಬ್ಬಿಯಲ್ಲಿ ಬರುವ ಗಿಡ್ಡ ಕೂಲರಿನ ಚಿಕ್ಕ ಫ್ಯಾನು ಜೋರಾಗಿ ತಿರುಗದೆ ಗತಿಯಿಲ್ಲ. ಡೀಪ್‌ಕೂಲ್ ಎಜಿ400ನಂಥ ಶಾಖ ಹೊತ್ತೊಯ್ಯುವ ನಾಲ್ಕು ಹೀಟ್‌ಪೈಪಿನ ಎತ್ತರದ ಟವರ್ ಕೂಲರ್ 120 ಮಿ.ಮೀ. ಫ್ಯಾನಿನಲ್ಲಿ ಅದೇ ಕೆಲಸವನ್ನು ಅರ್ಧ ವೇಗದಲ್ಲಿ ಮಾಡುತ್ತದೆ. ಎತ್ತರ 150 ಮಿ.ಮೀ.; ಪ್ರಾಸೆಸರಿನ ಮೇಲ್ಮೈಯಿಂದ ಪಕ್ಕದ ತಗಡಿನವರೆಗೆ ಅಷ್ಟು ಜಾಗ ಇದೆಯೇ ಎಂದು ಅಳೆದುಕೊಂಡೇ ಹಣ ಕೊಡಿ. ಪಿ12ರ ಸರದಿ ಅದಾದ ಮೇಲೆ.

ಪಿ12 ಕೂರಿಸುವಾಗ ದಿಕ್ಕು ತಪ್ಪುವುದು ಸಾಮಾನ್ಯ. ಸ್ಟಿಕ್ಕರೂ ಅಡ್ಡಪಟ್ಟಿಯೂ ಇರುವ ಕಡೆಯಿಂದ ಗಾಳಿ ಹೊರಬರುತ್ತದೆ. ಮುಂದಿನ ಫ್ಯಾನಿನ ಆ ಮುಖ ಒಳಕ್ಕೆ, ಹಿಂದಿನದರದ್ದು ಹೊರಕ್ಕೆ. ಅನುಮಾನವಿದ್ದರೆ ಊದುಬತ್ತಿ ಹಚ್ಚಿ ಜಾಲರಿಯ ಮುಂದೆ ಹಿಡಿಯಿರಿ, ಹೊಗೆ ಒಳಕ್ಕೆ ಎಳೆದುಕೊಂಡು ಹೋಗಬೇಕು. ಕ್ಯಾಬಿನೆಟ್ಟಿನ ಮುಖ ಪೂರ್ತಿ ಗಾಜಿನದಾಗಿ ಪಕ್ಕದಲ್ಲಿ ಬೆರಳಗಲ ಸಂದು ಮಾತ್ರ ಇದ್ದರೆ ಅಲ್ಲಿ ಪಿ12 ಕೂಡ ಏದುಸಿರು ಬಿಡುತ್ತದೆ. ಗಾಜು ತೆಗೆದಿಟ್ಟು ಕೇಳಿ ನೋಡಿ, ಸದ್ದು ಅರ್ಧಕ್ಕೆ ಇಳಿದರೆ ದೋಷ ಫ್ಯಾನಿನದಲ್ಲ. ಮುಂದಿನ ಫಿಲ್ಟರನ್ನು ಕಾಫಿ ಒಣಹಾಕುವ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ, ಉಳಿದಾಗ ಎರಡು ತಿಂಗಳಿಗೊಮ್ಮೆ ನಲ್ಲಿ ಕೆಳಗೆ ತೊಳೆಯಿರಿ. ಮಳೆಗಾಲದಲ್ಲಿ ತೊಳೆದರೆ ಒಂದು ದಿನಕ್ಕೆ ಒಣಗುವುದಿಲ್ಲ, ಒಲೆಯ ಪಕ್ಕ ನೇತುಹಾಕಿ ಪೂರ್ತಿ ಒಣಗಿದ ಮೇಲೆಯೇ ಹಾಕಿ.